ನೆರೆಮನೆಯ ಮುಸಲ್ಮಾನರೂ ಪ್ರಜಾಪ್ರಭುತ್ವವೂ

ಮುಸಲ್ಮಾನರ ಸಮಾಜದಲ್ಲಿ ಪ್ರಜಾಪ್ರಭುತ್ವವು ಬೇರೂರಲಾರದೆಂಬ ಮಾತು ನಮ್ಮ ಜಗಲಿಕಟ್ಟೆಗಳಲ್ಲಿ ಆಗಾಗ ಕೇಳಬರುವುದು. ಹಾಗೆ ನುಡಿಯುವವರು ದೂರದೇಶಗಳ ಹೆಸರುಗಳನ್ನು ಎಣಿಸುವರೇ ಹೊರತು ನೆರೆಮನೆಯ ಕಡೆಗೆ ದೃಷ್ಟಿ ಹಾಯಿಸುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಗೃಹಸ್ಥರಾದ ನಾವು ಈ ಪ್ರಶ್ನೆಯನ್ನು ನಮ್ಮ ನೆಲದ ಮೇಲೆ ನಿಂತೇ ವಿಚಾರಿಸುವುದು ಯುಕ್ತವು.

1948ನೆಯ ಇಸವಿ ಸೆಪ್ಟೆಂಬರ್ 17ರ ವರೆಗೆ ಈ ಪ್ರಾಂತವು ನಿಜಾಮರ ಆಳ್ವಿಕೆಯಲ್ಲಿದ್ದಿತು. ದೊರೆಯು ಮುಸಲ್ಮಾನನಾಗಿದ್ದನು, ಆದರೆ ಬಡ ಮುಸಲ್ಮಾನನು ದೊರೆಯಾಗಿರಲಿಲ್ಲ. ಸರ್ಕಾರವನ್ನು ಆರಿಸುವ ಅಥವಾ ಇಳಿಸುವ ಅಧಿಕಾರವು ಯಾವ ಮತದ ಪ್ರಜೆಗೂ ಇರಲಿಲ್ಲ. ಆ ಕಾಲದಲ್ಲಿಯೇ ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕರಾದ ಶೋಯೆಬುಲ್ಲಾ ಖಾನರು ಸಂಸ್ಥಾನವು ಭಾರತದಲ್ಲಿ ಸೇರಬೇಕೆಂದೂ ರಜಾಕಾರರ ಹಾವಳಿಯು ಅನ್ಯಾಯವೆಂದೂ ನಿರ್ಭೀತರಾಗಿ ಬರೆದರು. ಅದಕ್ಕಾಗಿ ಅವರು 1948ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಲೆಯಾದರು. ಪ್ರಜಾಪ್ರಭುತ್ವಕ್ಕಾಗಿ ಪ್ರಾಣವನ್ನೇ ತೆತ್ತ ಈ ಮಹನೀಯರ ಹೆಸರು ನಮ್ಮ ಮಕ್ಕಳಿಗೆ ತಿಳಿಯದಿರುವುದು ಖೇದಕರವಲ್ಲವೇ?

ಇನ್ನೊಂದು ಸತ್ಯವನ್ನೂ ಮರೆಮಾಚಬಾರದು. ರಜಾಕಾರರ ಕೈಯಿಂದ ಹಿಂದೂಗಳು ಪಟ್ಟ ಪಾಡನ್ನು ನಮ್ಮ ಹಿರಿಯರು ಹೇಳುತ್ತ ಬಂದಿರುವರು. ಪೋಲೀಸು ಕಾರ್ಯಾಚರಣೆಯ ತರುವಾಯ ಮುಸಲ್ಮಾನರು ಪಟ್ಟ ಪಾಡನ್ನು ಹೇಳಿದವರು ಕಡಿಮೆ. ಕೇಂದ್ರ ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿಯು ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನರು ಮಡಿದಿರಬೇಕೆಂದು ಅಂದಾಜು ಮಾಡಿತು. ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಕಲಬುರಗಿಯೂ ಒಂದೆಂದು ಹೇಳಿತು. ಆ ವರದಿಯು ಬಹುಕಾಲ ಬೆಳಕನ್ನೇ ಕಾಣಲಿಲ್ಲ. ಇಂತಹ ಗಾಯವನ್ನು ಹೊತ್ತ ಸಮಾಜವು, ಮೂರು ನಾಲ್ಕು ವರ್ಷಗಳೊಳಗೆ, 1952ರ ಮೊದಲ ಮಹಾಚುನಾವಣೆಯಲ್ಲಿ ನೆರೆಹೊರೆಯವರೊಡನೆ ಒಂದೇ ಸಾಲಿನಲ್ಲಿ ನಿಂತು ಮತ ನೀಡಿತೆಂಬುದು ಸಾಮಾನ್ಯ ಸಂಗತಿಯಲ್ಲ. ಪ್ರಜಾಪ್ರಭುತ್ವದ ಬೇರನ್ನು ಹುಡುಕುವವರು ಇಲ್ಲಿ ಅಗೆದು ನೋಡಲಿ.

ಆ ಬೇರು ಚಿಗುರಿಯೂ ಇದೆ. ಕಲಬುರಗಿ ನಗರದ ಜನರು ಖಮರುಲ್ ಇಸ್ಲಾಮರನ್ನು ಹಲವು ಬಾರಿ ಶಾಸನಸಭೆಗೆ ಕಳುಹಿಸಿದರು. ಅವರು 2017ರಲ್ಲಿ ಕಾಲವಾದ ಮೇಲೆ ಅವರ ಪತ್ನಿ ಕನೀಜ್ ಫಾತಿಮಾ ಅವರನ್ನು 2018ರಲ್ಲಿಯೂ 2023ರಲ್ಲಿಯೂ ಆರಿಸಿದರು. ಅತ್ತ ಜೇವರ್ಗಿಯ ಮತದಾರರು, ಅಲ್ಪಸಂಖ್ಯೆಯ ರಜಪೂತ ಸಮುದಾಯದ ಧರ್ಮಸಿಂಗರನ್ನು 1978ರಿಂದ ಏಳು ಬಾರಿ ಎಡೆಬಿಡದೆ ಗೆಲ್ಲಿಸಿದರು. ಜನಬಲವಿಲ್ಲದವನೂ ಜನರ ವಿಶ್ವಾಸವನ್ನು ಗಳಿಸಬಹುದೆಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನವೇಕೆ?

ಹೊರಗಣ ಲೋಕವನ್ನೂ ಸ್ವಲ್ಪ ನೋಡೋಣ. ತುರ್ಕಿಸ್ತಾನವು 1924ರಲ್ಲಿ ಖಲೀಫರ ಪದವಿಯನ್ನು ತೆಗೆದುಹಾಕಿತು. 1934ರಲ್ಲಿ ಸ್ತ್ರೀಯರಿಗೆ ರಾಷ್ಟ್ರೀಯ ಚುನಾವಣೆಗಳಲ್ಲಿ ಮತಾಧಿಕಾರವನ್ನು ಕೊಟ್ಟಿತು. ಪದಚ್ಯುತರಾದ ಕಡೆಯ ಖಲೀಫರ ಮಗಳು ದುರ್ರುಶೆಹವಾರ್ 1931ರಲ್ಲಿ ನಿಜಾಮರ ಹಿರಿಯ ಮಗನ ಕೈಹಿಡಿದು ನಮ್ಮ ಸಂಸ್ಥಾನಕ್ಕೇ ಸೊಸೆಯಾಗಿ ಬಂದಳು. ಜಗತ್ತಿನಲ್ಲಿಯೇ ಅತಿಹೆಚ್ಚು ಮುಸಲ್ಮಾನರುಳ್ಳ ದೇಶಗಳ ಸಾಲಿನ ಇಂಡೋನೇಶಿಯವು 1998ರಲ್ಲಿ ಸರ್ವಾಧಿಕಾರಿಯನ್ನು ಕೆಳಗಿಳಿಸಿ ಮರುವರ್ಷವೇ ಮುಕ್ತ ಚುನಾವಣೆ ನಡೆಸಿತು. 2001ರಲ್ಲಿ ಅಲ್ಲಿ ಸ್ತ್ರೀಯೊಬ್ಬಳು ರಾಷ್ಟ್ರಾಧ್ಯಕ್ಷಳಾದಳು. ಟ್ಯುನೀಶಿಯದಲ್ಲಾದರೋ 2011ರಲ್ಲಿ ಮೂಡಿದ ಬೆಳಕು 2021ರಲ್ಲಿ ಅಧ್ಯಕ್ಷನು ಪಾರ್ಲಿಮೆಂಟನ್ನು ಅಮಾನತುಗೊಳಿಸಿದಾಗ ಮಸುಕಾಯಿತು. ಮತವೊಂದೇ ಇದ್ದರೂ ಗತಿಗಳು ಬೇರೆಬೇರೆಯಾದುವು. ಆದುದರಿಂದ ಕಾರಣವು ಮತದಲ್ಲಿಲ್ಲ. ಕಾನೂನು, ಶಿಕ್ಷಣ, ಸ್ವತಂತ್ರ ನ್ಯಾಯಸ್ಥಾನ ಇವುಗಳ ಬಲಾಬಲದಲ್ಲಿದೆ.

ಸಮಾಜದ ಒಳಗಿನ ಸುಧಾರಣೆಯೂ ಹೊರಗಿನವರ ಉಪದೇಶದಿಂದ ಬರತಕ್ಕದ್ದಲ್ಲ. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳುವ ಪದ್ಧತಿಯನ್ನು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಅಸಿಂಧುಗೊಳಿಸಿದುದು ಮುಸಲ್ಮಾನ ಸ್ತ್ರೀಯರೇ ಬಾಗಿಲು ತಟ್ಟಿದುದರಿಂದ. ಕನ್ನಡದಲ್ಲಿ ಸಾರಾ ಅಬೂಬಕ್ಕರ್ ಅವರೂ, 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪ್ರಶಸ್ತಿಯನ್ನು ಪಡೆದ ಬಾನು ಮುಷ್ತಾಕರೂ ತಮ್ಮ ಮನೆಯಂಗಳದ ಕಣ್ಣೀರನ್ನು ತಾವೇ ಬರೆದರು. ಗ್ರಾಮ ಪಂಚಾಯತಿಗಳಲ್ಲಿ ಅರ್ಧದಷ್ಟು ಸ್ಥಾನಗಳು ಸ್ತ್ರೀಯರಿಗೆ ಮೀಸಲಾಗಿರುವುವು. ಆ ಸ್ಥಾನದಲ್ಲಿ ಕುಳಿತ ತಾಯಿಯು ತಾನೇ ಮಾತನಾಡಬೇಕು. ಆಕೆಯ ಪರವಾಗಿ ಗಂಡನು ರುಜು ಹಾಕುವ ಚಾಳಿಯು ಹಿಂದೂಗಳ ಮನೆಯಲ್ಲಿಯೂ ತೊಲಗಬೇಕು, ಮುಸಲ್ಮಾನರ ಮನೆಯಲ್ಲಿಯೂ ತೊಲಗಬೇಕು.

ಆದರೆ ಮತದ ಹಕ್ಕು ಒಮ್ಮೆ ಕೈಸೇರಿದರೆ ಶಾಶ್ವತವಾಗಿ ಉಳಿಯುವುದೆಂದು ನೆಮ್ಮದಿಯಿಂದಿರುವಂತಿಲ್ಲ. 2023ರ ಚುನಾವಣೆಗೆ ಮುಂಚೆ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರುಗಳನ್ನು ತೆಗೆಯಬೇಕೆಂದು 6,018 ಅರ್ಜಿಗಳು ಬಂದುವು. ಅಧಿಕಾರಿಗಳು ಪರಿಶೀಲಿಸಲಾಗಿ 24 ಮಾತ್ರ ಸಾಚಾ ಎಂದು ಕಂಡುಬಂದುವು. ಸಕಾಲದಲ್ಲಿ ಎಚ್ಚರಗೊಂಡು ದೂರಿತ್ತುದರಿಂದ ಉಳಿದ ಹೆಸರುಗಳು ಉಳಿದುವು. ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಎಲ್ಲರಿಗೂ ಇದು ಪಾಠವು.

ಅದೇ ಆಳಂದದ ಲಾಡ್ಲೆ ಮಶಾಯಖ್ ದರ್ಗಾದ ಆವರಣದಲ್ಲಿ ರಾಘವ ಚೈತನ್ಯರ ಹೆಸರಿನ ಶಿವಲಿಂಗವೂ ಇರುವುದು. 2022ರ ಶಿವರಾತ್ರಿಯಂದು ಅಲ್ಲಿ ಕಲ್ಲು ತೂರಾಟವಾಯಿತು. ಮರುವರ್ಷ ನ್ಯಾಯಸ್ಥಾನವು ಜನರ ಸಂಖ್ಯೆಯನ್ನೂ ವೇಳೆಯನ್ನೂ ಗೊತ್ತುಮಾಡಲು, ಪೂಜೆಯೂ ಪ್ರಾರ್ಥನೆಯೂ ಪೋಲೀಸರ ಕಾವಲಿನಲ್ಲಿ ನೆರವೇರಿದುವು. ಕಾವಲಿನ ಶಾಂತಿಯು ಪೂರ್ಣ ಶಾಂತಿಯಲ್ಲ. ಆದರೂ ಕಲ್ಲಿಗಿಂತ ಕಾನೂನು ಲೇಸು. ಅಫಜಲಪುರ ತಾಲೂಕಿನ ಗಾಣಗಾಪುರದ ಗುರುಗಳು ಮುಸಲ್ಮಾನ ಅರಸನೊಬ್ಬನ ಹುಣ್ಣನ್ನು ವಾಸಿಮಾಡಿದರೆಂದು ಗುರುಚರಿತ್ರೆಯು ಹೇಳುವುದು. ಅಂತಹ ಕಥೆಯನ್ನು ಭಕ್ತಿಯಿಂದ ಓದುವ ಮನೆಗಳಿಗೆ ನೆರೆಯವನ ಮೇಲಿನ ಹಗೆಯು ಶೋಭಿಸದು.

ವಾಚಕರೇ, ದೊಡ್ಡ ಮಾತುಗಳು ಸಾಕು. ಈ ತಿಂಗಳು ಮತದಾರರ ಪಟ್ಟಿಯನ್ನು ತರಿಸಿ, ನಿಮ್ಮ ಮನೆಯ ಹೆಂಗಸರ ಹೆಸರುಗಳನ್ನು ಹುಡುಕಿರಿ. ಪಕ್ಕದ ಮನೆಯ ಚಾಚಿಗೆ ಓದುಬರಹ ಬಾರದಿದ್ದಲ್ಲಿ ಅವರ ಹೆಸರನ್ನೂ ಓದಿ ಹೇಳಿರಿ. ಶಾಲೆ ಬಿಡಲಿರುವ ಅವರ ಮೊಮ್ಮಗಳನ್ನು ಇನ್ನೊಂದು ವರ್ಷ ಓದಿಸಿರೆಂದು ವಿನಯದಿಂದ ಕೇಳಿಕೊಳ್ಳಿರಿ. ಪ್ರಜಾಪ್ರಭುತ್ವವು ಬೆಳೆಯುವುದಾದರೆ ಇಂತಹ ಕೆಲಸಗಳಿಂದಲೇ ಬೆಳೆಯುವುದು.