ಕಂಪನಿ ಯಾವುದಾದರೂ ಆಗಲಿ, ಟೈರು ನಾಲ್ಕೇ ಇರಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹುಡುಗರಿಗೆ ಮಣ್ಣಿನ ಟ್ರ್ಯಾಕಿನಲ್ಲಿ ಕಾರು ಓಡಿಸುವ ಆಟೊಕ್ರಾಸ್ ಹುಚ್ಚು ಹತ್ತಿದರೆ ಮೈಸೂರಿಗೋ ಕೊಡಗಿಗೋ ಹೊರಡಬೇಕು. ಶಾಶ್ವತ ರೇಸ್ ಟ್ರ್ಯಾಕ್ ಬೇಕೆಂದರೆ ಕೊಯಮತ್ತೂರು ಇಲ್ಲವೇ ಚೆನ್ನೈ. ಹಳೆಯ ಕಾರನ್ನು ಒಮ್ಮೆ ಕೊಂಡರೆ ಮುಗಿಯಿತು, ಟೈರಿನ ಖರ್ಚು ಮಾತ್ರ ಮುಗಿಯುವುದಿಲ್ಲ. 2024ರ ಆಗಸ್ಟ್‌ನಲ್ಲಿ ಟೈರಿನ ಕಚ್ಚಾವಸ್ತುವಾದ ರಬ್ಬರ್ ಕಿಲೋಗೆ 240 ರೂಪಾಯಿ ದಾಟಿತ್ತು. 2025ರ ಸೆಪ್ಟೆಂಬರ್ 22ರಿಂದ ಟೈರಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದದ್ದು ನಿಜ. ತೆರಿಗೆಗೆ ಮುನ್ನ 5,000 ರೂಪಾಯಿ ಇರುವ ಟೈರು ಇದರಿಂದ 6,400ರ ಬದಲು 5,900ಕ್ಕೆ ಸಿಗಬೇಕು. ನಾಲ್ಕಕ್ಕೆ ಉಳಿಯುವುದು 2,000. ಎದುರಾಳಿ ಹೊಸ ಟೈರು ಹಾಕಿದನೆಂದು ಇನ್ನೊಂದು ಸೆಟ್ ಕೊಂಡರೆ ಹೋಗುವುದು 23,600. ಜೇಬು ಸುಡುವುದು ದರಕ್ಕಿಂತ ಹೆಚ್ಚಾಗಿ ಟೈರುಗಳ ಸಂಖ್ಯೆ.

ಎಲ್ಲರೂ ಒಂದೇ ಕಂಪನಿಯ ಟೈರು ಬಳಸಲಿ ಎಂಬುದು ರೇಸಿನ ಜಗತ್ತು ಕಂಡುಕೊಂಡ ಜನಪ್ರಿಯ ಮದ್ದು. ಅದಕ್ಕೆ ಆಧಾರವಿಲ್ಲದೆ ಇಲ್ಲ. 2005ರ ಇಂಡಿಯಾನಾಪೊಲಿಸ್ ಫಾರ್ಮುಲಾ ಒನ್‌ನಲ್ಲಿ ಮಿಶೆಲಿನ್ ಟೈರುಗಳು ಸುರಕ್ಷಿತವಲ್ಲವೆಂದು ಅವನ್ನು ಬಳಸುವ ತಂಡಗಳು ಹಿಂದೆ ಸರಿದು, ಓಡಿದ್ದು ಆರೇ ಕಾರು. 2007ರಿಂದ ಫಾರ್ಮುಲಾ ಒನ್‌ಗೆ ಒಬ್ಬನೇ ಟೈರು ಪೂರೈಕೆದಾರ. ಅಮೆರಿಕದ ಮಣ್ಣಿನ ಟ್ರ್ಯಾಕುಗಳಲ್ಲಿ ಹೂಸಿಯರ್ ಕಂಪನಿಯ ಟೈರನ್ನೇ ಕಡ್ಡಾಯ ಮಾಡಿದ್ದನ್ನು ಪ್ರತಿಸ್ಪರ್ಧಿ ಕಂಪನಿ ಕೋರ್ಟಿಗೆ ಒಯ್ದಿತ್ತು. ಸಂಘಟಕರು ಬಲವಂತಕ್ಕೆ ಒಳಗಾಗದೆ ತಾವೇ ಆಯ್ದುಕೊಂಡಿದ್ದರೆ ತಪ್ಪಿಲ್ಲವೆಂದು ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿತು. ಆದರೆ ಕಾನೂನಿಗೆ ಒಪ್ಪಿದ್ದೆಲ್ಲ ಅಗ್ಗವಾಗಬೇಕೆಂದೇನಿಲ್ಲ. ಒಪ್ಪಂದಕ್ಕಾಗಿ ಕಂಪನಿಗಳು ಪೈಪೋಟಿ ನಡೆಸುವುದು ಸಹಿ ಬೀಳುವವರೆಗೆ. ಆಮೇಲೆ ಸ್ಪರ್ಧಿಗೆ ಬೇರೆ ಅಂಗಡಿಯೇ ಇಲ್ಲ.

ನಮ್ಮಲ್ಲಂತೂ ಈ ಎಚ್ಚರ ಹೆಚ್ಚು ಬೇಕು. ಲಾರಿ, ಬಸ್ ಟೈರುಗಳ ದರದಲ್ಲಿ ಕೂಟ ಕಟ್ಟಿಕೊಂಡರೆಂದು ಐದು ದೊಡ್ಡ ಕಂಪನಿಗಳಿಗೆ ಸ್ಪರ್ಧಾ ಆಯೋಗ ಸಾವಿರದ ಏಳುನೂರು ಕೋಟಿಗೂ ಮೀರಿ ದಂಡ ಹಾಕಿದ್ದು 2022ರಲ್ಲಿ ಬಹಿರಂಗವಾಯಿತು. ಕಂಪನಿಗಳು ಆರೋಪ ಅಲ್ಲಗಳೆದವು. ಮೇಲ್ಮನವಿ ನ್ಯಾಯಮಂಡಳಿ ಅದೇ ವರ್ಷದ ಕೊನೆಗೆ ಪ್ರಕರಣವನ್ನು ಮರುಪರಿಶೀಲನೆಗೆ ವಾಪಸು ಕಳಿಸಿತು. ತೀರ್ಪು ಏನೇ ಇರಲಿ, 2020ರ ಜೂನ್‌ನಲ್ಲಿ ವಿದೇಶಿ ಟೈರುಗಳ ಆಮದಿಗೆ ನಿರ್ಬಂಧ ಬಿದ್ದ ಮೇಲೆ ಕೊಳ್ಳುವವನ ಆಯ್ಕೆ ಇನ್ನಷ್ಟು ಕಿರಿದಾಯಿತು. ವಿಕ್ರಾಂತ್ ಟೈರ್ಸ್ ಹುಟ್ಟಿದ, 1997ರಲ್ಲಿ ಅದು ಜೆಕೆ ಟೈರ್ ಕೈಸೇರಿದ ಮೈಸೂರಿನ ಪಕ್ಕದಲ್ಲಿದ್ದೇವೆಂದು ನಮಗೇನೂ ರಿಯಾಯಿತಿ ಇಲ್ಲ! ಚಿಲ್ಕುಂದ, ಕಂಪಲಾಪುರದ ತಂಬಾಕು ಹರಾಜು ಕಟ್ಟೆಯಲ್ಲಿ ನಿಂತವರಿಗಂತೂ ಬೇರೆ ಗಿರಾಕಿ ಇಲ್ಲದಾಗ ದರ ಯಾರ ಕೈಯಲ್ಲಿರುತ್ತದೆಂದು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ತಾಲ್ಲೂಕು ಮಟ್ಟದ ಸ್ಪರ್ಧೆಗೆ ನಿಯಮ ಸರಳವಾಗಿರಲಿ: ಐಎಸ್‌ಐ ಮುದ್ರೆಯ, ಅಂಗಡಿಯಲ್ಲಿ ಯಾರಿಗೂ ಸಿಗುವ ರಸ್ತೆ ಟೈರು, ಯಾವ ಕಂಪನಿಯದಾದರೂ ಸರಿ, ಒಂದು ಸ್ಪರ್ಧೆಗೆ ನಾಲ್ಕೇ, ತಪಾಸಣೆಯಲ್ಲಿ ಬಣ್ಣದ ಗುರುತು ಹಾಕಿಸಿಕೊಂಡದ್ದು ಮಾತ್ರ. ಪಂಕ್ಚರ್ ಆದರೆ ಬದಲಿ ಟೈರನ್ನು ತಪಾಸಕರೇ ಒಪ್ಪಲಿ. ಸವೆದ ಟೈರು ಅಪಾಯವೆಂಬ ಆಕ್ಷೇಪ ಸರಿಯೇ. ಅದಕ್ಕೆ ತಪಾಸಣೆ ಬಿಗಿಯಾಗಬೇಕು, ಕಂಪನಿ ಒಂದೇ ಆಗಬೇಕಿಲ್ಲ. ಪ್ರಾಯೋಜಕ ಟೈರು ಕಂಪನಿಯವರು ಮುನಿಸಿಕೊಂಡಾರು ಎಂಬ ಭಯ ಅದಕ್ಕಿಂತ ಗಟ್ಟಿಯಾದದ್ದು, ಬಹುಮಾನದ ಹಣ ಬರುವುದು ಅವರಿಂದಲೇ ತಾನೆ? ಅವರ ಬ್ಯಾನರಿಗೆ ಜಾಗ ಕೊಡಬಹುದು. ತಮ್ಮ ಟೈರನ್ನೇ ಕಡ್ಡಾಯ ಮಾಡಿಸಿಕೊಳ್ಳುತ್ತಾರೆಂದಾದರೆ, ಋತು ಮುಗಿಯುವವರೆಗೆ ಏರದ ದರವನ್ನು ಮೊದಲೇ ಬರೆದು ಕೊಡಬೇಕು, ಒಪ್ಪಂದ ಒಂದು ವರ್ಷ ಮೀರಬಾರದು. ಕೆಂಪು ಮಣ್ಣು ಮಳೆಯಲ್ಲಿ ಕೆಸರಾದಾಗ ಒಂದು ಬ್ರ್ಯಾಂಡಿನ ಹಿಡಿತ ಇನ್ನೊಂದಕ್ಕಿಂತ ಮೇಲಾಗಬಹುದು, ಆಗಲಿ. ಅದನ್ನು ಗುರುತಿಸಿ ಸರಿಯಾದ ಟೈರು ಆರಿಸುವುದೂ ಸ್ಪರ್ಧಿಯ ಜಾಣ್ಮೆಯೇ; ಆ ಹಿಡಿತ ಮುಂದಿನ ಅಂಗಡಿಯಲ್ಲಿ ಎಲ್ಲರಿಗೂ ಅದೇ ಬೆಲೆಗೆ ಸಿಗುತ್ತದೆ.