ಯಂತ್ರವನ್ನು ಕೊಳ್ಳುವ ಮೊದಲು

ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಲ್ಲಿ ಅಡಿಕೆ, ಭತ್ತ, ಮೆಕ್ಕೆಜೋಳಗಳ ವ್ಯಾಪಾರವನ್ನು ನಂಬಿದ ಮಂಡಿಗಳೂ ಅಕ್ಕಿ ಗಿರಣಿಗಳೂ ಅನೇಕ. ಹಿಂದೆ ಕೆಂಪು ಬಟ್ಟೆಯ ಖಾತೆ ಪುಸ್ತಕಗಳಲ್ಲಿದ್ದ ಲೆಕ್ಕವು ಈಗ ಕಂಪ್ಯೂಟರಿಗೆ ಏರಿದೆ. ಅಂಗಡಿಯಲ್ಲಿ ಮೂರು ನಾಲ್ಕು ಕಂಪ್ಯೂಟರುಗಳಿದ್ದರೆ, ಅವೆಲ್ಲವೂ ಒಂದೇ ಲೆಕ್ಕವನ್ನು ನೋಡುವಂತೆ ಮಾಡಲು ಹಗಲಿರುಳೂ ನಡೆಯುವ ಮತ್ತೊಂದು ಯಂತ್ರ ಬೇಕಾಗುತ್ತದೆ. ಇದೇ ಸರ್ವರ್. ಈ ಕೆಲಸಕ್ಕೆ ಲಿನಕ್ಸ್ ಬಹಳ ಒಪ್ಪುತ್ತದೆ. 1991ರಲ್ಲಿ ಫಿನ್ಲೆಂಡಿನ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಈ ತಂತ್ರಾಂಶವನ್ನು ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ಬಳಸಬಹುದು, ತಿದ್ದಬಹುದು.

ಆದರೆ ತಂತ್ರಾಂಶಕ್ಕೆ ಬೆಲೆಯಿಲ್ಲವೆಂಬ ಸಂತೋಷದಲ್ಲಿ ಯಂತ್ರದ ಆಯ್ಕೆಯನ್ನು ಅಲಕ್ಷಿಸುವವರೇ ಹೆಚ್ಚು. ನಾವೂ ಒಮ್ಮೆ ಹಾಗೆ ಮಾಡಿ ಪಾಠ ಕಲಿತೆವು. ಪರಿಚಿತರೊಬ್ಬರ ಅಡಿಕೆ ಮಂಡಿಗೆ ಸರ್ವರ್ ಬೇಕಾದಾಗ, ಆಗತಾನೆ ಮಾರುಕಟ್ಟೆಗೆ ಬಂದಿದ್ದ ಅತಿ ಹೊಸ ಮದರ್‌ಬೋರ್ಡನ್ನು ಆರಿಸಿದೆವು. ಲಿನಕ್ಸ್ ಅನುಸ್ಥಾಪನೆ ಮುಗಿಯಿತು. ಆದರೆ ಜಾಲದ ಕೇಬಲ್ ಸಿಕ್ಕಿಸುವ ಭಾಗವನ್ನು ಅದು ಗುರುತಿಸಲೇ ಇಲ್ಲ. ಸುಗ್ಗಿಯ ಕಾಲ. ಬೇರೊಂದು ಕಾರ್ಡು ಬರುವವರೆಗೆ ನಾಲ್ಕು ದಿನ ಗುಮಾಸ್ತರು ಪೆನ್‌ಡ್ರೈವಿನಲ್ಲಿ ಲೆಕ್ಕವನ್ನು ಹೊತ್ತು ಮೇಜಿನಿಂದ ಮೇಜಿಗೆ ಅಲೆದರು. ತಮ್ಮ ಬಾಕಿ ಎಷ್ಟೆಂದು ತಿಳಿಯಲು ಬಂದ ರೈತರು ಜಗಲಿಯ ಮೇಲೆ ಕಾದು ಕುಳಿತರು. ಯಂತ್ರದಲ್ಲಿ ದೋಷವಿರಲಿಲ್ಲ, ಲಿನಕ್ಸಿನಲ್ಲೂ ಇರಲಿಲ್ಲ. ದೋಷ ನಮ್ಮ ಆಯ್ಕೆಯದು.

ಹೀಗೇಕಾಗುತ್ತದೆ? ಕಂಪ್ಯೂಟರಿನ ಪ್ರತಿಯೊಂದು ಬಿಡಿಭಾಗದೊಡನೆಯೂ ವ್ಯವಹರಿಸುವುದಕ್ಕೆ ಡ್ರೈವರ್ ಎಂಬ ಸಣ್ಣ ತಂತ್ರಾಂಶವೊಂದು ಬೇಕು. ಲಿನಕ್ಸಿನಲ್ಲಿ ಬಹುಪಾಲು ಡ್ರೈವರುಗಳು ಅದರ ತಿರುಳಾದ ಕರ್ನೆಲ್‌ನೊಡನೆಯೇ ಬರುತ್ತವೆ. ಜಾಲದ ಕಾರ್ಡಿನಂತಹ ಭಾಗಗಳು ತಮ್ಮೊಳಗೆ ಎರಡು ಸಂಖ್ಯೆಗಳನ್ನು ಇಟ್ಟುಕೊಂಡಿರುತ್ತವೆ: ಒಂದು ತಯಾರಕನನ್ನು, ಇನ್ನೊಂದು ಮಾದರಿಯನ್ನು ಸೂಚಿಸುತ್ತದೆ. ಇಂಟೆಲ್ ಸಂಸ್ಥೆಯ ಸಂಖ್ಯೆ 8086. 1978ರಲ್ಲಿ ಅದು ಹೊರತಂದ ಪ್ರಸಿದ್ಧ ಸಂಸ್ಕಾರಕದ ಹೆಸರೂ ಇದೇ. ಕರ್ನೆಲ್ ಈ ಸಂಖ್ಯೆಗಳನ್ನು ಓದಿ ತನ್ನ ಪಟ್ಟಿಯೊಡನೆ ಹೋಲಿಸಿ, ತಕ್ಕ ಡ್ರೈವರನ್ನು ಕೆಲಸಕ್ಕೆ ಹಚ್ಚುತ್ತದೆ. ಪಟ್ಟಿಯಲ್ಲಿಲ್ಲದ ಭಾಗವು ಎಷ್ಟೇ ಶಕ್ತವಾಗಿದ್ದರೂ ನಿಷ್ಪ್ರಯೋಜಕ. 2023ರ ಜೂನ್‌ನಲ್ಲಿ ಬಂದ ಡೆಬಿಯನ್ 12ನೆಯ ಆವೃತ್ತಿಯಲ್ಲಿರುವುದು 2022ರ ಡಿಸೆಂಬರಿನ 6.1 ಕರ್ನೆಲ್. ಅದಾದ ಮೇಲೆ ಹುಟ್ಟಿದ ಚಿಪ್ಪಿನ ಪರಿಚಯ ಅದಕ್ಕೆ ಇಲ್ಲದಿದ್ದರೆ ಆಶ್ಚರ್ಯವೇನು?

ಆದುದರಿಂದ ಸಣ್ಣ ವ್ಯಾಪಾರದ ಸರ್ವರಿಗೆ ಅತಿ ಹೊಸದಾದ, ಅತಿ ಬಲಿಷ್ಠವಾದ ಯಂತ್ರವೇ ಉತ್ತಮವೆಂಬ ನಂಬಿಕೆ ತಪ್ಪೆಂದು ನಮ್ಮ ಅಭಿಪ್ರಾಯ. ಇಲ್ಲಿ ಬೇಕಾದುದು ವೇಗವಲ್ಲ, ಪರಿಚಯ. ನಾಲ್ಕಾರು ಜನರ ಲೆಕ್ಕಪತ್ರಗಳಿಗೆ ಎರಡು ಮೂರು ವರ್ಷ ಹಳೆಯ ಮಾದರಿಯ ಸಾಧಾರಣ ಕಚೇರಿ ಕಂಪ್ಯೂಟರ್ ಧಾರಾಳವಾಗಿ ಸಾಕು. ವಿದ್ಯುತ್ತಿನ ಲೆಕ್ಕವನ್ನೂ ನೋಡಬೇಕು. ನಿರಂತರವಾಗಿ ನಡೆಯುವ ಯಂತ್ರವು 40 ವಾಟ್ ಹೆಚ್ಚಾಗಿ ಸೇವಿಸಿದರೆ ವರ್ಷಕ್ಕೆ ಸುಮಾರು 350 ಯೂನಿಟ್ ಹೆಚ್ಚಾಗುತ್ತದೆ.

ಡಿಸ್ಕಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಕೆಲವು ಹಾರ್ಡ್‌ಡಿಸ್ಕುಗಳಲ್ಲಿ ಕಾಂತೀಯ ಪಥಗಳನ್ನು ನಮ್ಮ ಮಲೆನಾಡಿನ ಮನೆಯ ಹಂಚುಗಳಂತೆ ಒಂದರ ಅಂಚಿನ ಮೇಲೊಂದು ಬರುವಂತೆ ಬರೆಯುತ್ತಾರೆ. ಹೆಚ್ಚು ಮಾಹಿತಿ ಹಿಡಿಯುತ್ತದೆ, ನಿಜ. ಆದರೆ ನಡುವಿನ ಹಂಚೊಂದನ್ನು ಬದಲಿಸಲು ಅಕ್ಕಪಕ್ಕದವನ್ನು ಎತ್ತಬೇಕಾಗುವಂತೆ, ಒಂದು ಪಥವನ್ನು ತಿದ್ದಲು ನೆರೆಯ ಪಥಗಳನ್ನೂ ಮತ್ತೆ ಬರೆಯಬೇಕು. ಸರ್ವರಿಗೆಂದೇ ಮಾರಿದ ಕೆಲವು ಡಿಸ್ಕುಗಳೂ ಈ ಬಗೆಯವೆಂದು 2020ರಲ್ಲಿ ಬಯಲಾಯಿತು. ಕೊಳ್ಳುವಾಗ ಇದನ್ನು ಕೇಳಿ ತಿಳಿಯತಕ್ಕದ್ದು. ಒಂದೇ ಲೆಕ್ಕವನ್ನು ಎರಡು ಡಿಸ್ಕುಗಳಲ್ಲಿ ಬರೆಯುವ ಏರ್ಪಾಡನ್ನು ಲಿನಕ್ಸ್ ತಾನೇ ಮಾಡಬಲ್ಲದು; ಮದರ್‌ಬೋರ್ಡಿನ ಏರ್ಪಾಡನ್ನು ನಂಬಿದರೆ, ಅದು ಕೆಟ್ಟ ದಿನ ಡಿಸ್ಕನ್ನು ಬೇರೆ ಯಂತ್ರದಲ್ಲಿ ಓದಲು ಕಷ್ಟವಾಗಬಹುದು. ಹಾಗೆಂದು ಜೋಡಿ ಡಿಸ್ಕಿದ್ದರೆ ಸಾಕೆಂದು ತಿಳಿಯಬಾರದು. ಕೈತಪ್ಪಿ ಅಳಿಸಿದ ಲೆಕ್ಕ ಎರಡರಲ್ಲೂ ಅಳಿಯುತ್ತದೆ. ಬೇರೆಡೆ ಇಟ್ಟ ಮೂರನೆಯ ಪ್ರತಿಯೊಂದು ಅವಶ್ಯ.

ಮಳೆಗಾಲದಲ್ಲಿ ನಮ್ಮ ಕಡೆ ವಿದ್ಯುತ್ ಹೋಗುವುದು ಹೊಸತಲ್ಲವಾದುದರಿಂದ ಯುಪಿಎಸ್ ಇಲ್ಲದ ಸರ್ವರ್ ಇರಬಾರದು. ಸಣ್ಣ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಕಾಗದದ ಮೇಲೆ 84 ವಾಟ್-ಗಂಟೆಗಳ ಶಕ್ತಿಯಿದೆ. ಪರಿವರ್ತನೆಯ ನಷ್ಟದಿಂದಲೂ ಬ್ಯಾಟರಿಯ ವಯಸ್ಸಿನಿಂದಲೂ ಕೈಗೆ ಸಿಗುವುದು ಬಹಳ ಕಡಿಮೆ. ಆದುದರಿಂದ ಬ್ಯಾಟರಿ ಬರಿದಾಗುವ ಮೊದಲು ಸರ್ವರ್ ತಾನಾಗಿ ನಿಲ್ಲಬೇಕು. ಯುಪಿಎಸ್‌ಗೆ ಯುಎಸ್‌ಬಿ ಸಂಪರ್ಕವಿದ್ದು, ಅದರ ಸೂಚನೆ ಲಿನಕ್ಸಿಗೆ ಅರ್ಥವಾಗುವಂತಿದ್ದರೆ ಮಾತ್ರ ಇದು ಸಾಧ್ಯ. ಅಗ್ಗದ ಅನೇಕ ಯುಪಿಎಸ್‌ಗಳಲ್ಲಿ ಈ ಸಂಪರ್ಕವೇ ಇಲ್ಲ. ಹೊಂದಾಣಿಕೆ ಎಂಬುದು ಪೆಟ್ಟಿಗೆಯ ಹೊರಗಿನ ವಸ್ತುಗಳಿಗೂ ಅನ್ವಯಿಸುತ್ತದೆ.

“ಇಷ್ಟೆಲ್ಲ ಗೋಜಲೇಕೆ? ತಯಾರಕರು ಪ್ರಮಾಣೀಕರಿಸಿದ ಸರ್ವರನ್ನೇ ಕೊಳ್ಳಬಹುದಲ್ಲ?” ಎಂದು ಕೆಲವರು ಕೇಳುತ್ತಾರೆ. ಹಣವಿದ್ದವರು ಅವಶ್ಯವಾಗಿ ಕೊಳ್ಳಲಿ. ಆದರೆ ಸಣ್ಣ ಮಂಡಿಗೆ ಅದರ ಬೆಲೆ ಭಾರ. ಅಲ್ಲದೆ ಅರ್ಧ ಗಂಟೆಯ ಪ್ರಯೋಗದಿಂದ ಬಹುಪಾಲು ಸಂದೇಹ ತೀರುತ್ತದೆ. ಲಿನಕ್ಸನ್ನು ಪೆನ್‌ಡ್ರೈವಿಗೆ ಹಾಕಿ, ಡಿಸ್ಕಿನಲ್ಲಿ ಏನನ್ನೂ ಬರೆಯದೆ, ಅಂಗಡಿಯಲ್ಲಿಯೇ ಯಂತ್ರವನ್ನು ಅದರಿಂದ ನಡೆಸಿ ನೋಡಬಹುದು. ಎಲ್‌ಎಸ್‌ಪಿಸಿಐ ಎಂಬ ಆಜ್ಞೆಯನ್ನು ಕೊಟ್ಟರೆ ಭಾಗಗಳ ಪಟ್ಟಿ ತೆರೆಯ ಮೇಲೆ ಬರುತ್ತದೆ. ಜಾಲದ ಕೇಬಲನ್ನು ಸಿಕ್ಕಿಸಿ ದೊಡ್ಡ ಕಡತವೊಂದನ್ನು ನಕಲು ಮಾಡಿರಿ. ಪ್ರಿಂಟರಿನಲ್ಲಿ ಒಂದು ಬಿಲ್ಲನ್ನು ತೆಗೆಯಿರಿ. ಯುಪಿಎಸ್‌ನ ಸೂಚನೆ ಬರುವುದೇ ಪರೀಕ್ಷಿಸಿರಿ. ಇದಕ್ಕೆ ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಐದನೆಯ ಶತಮಾನದ ಕದಂಬರ ಸ್ತಂಭಶಾಸನವಿದೆ. ಅದನ್ನು ಇಂದಿಗೂ ಓದಲಾಗುತ್ತಿರುವುದು ಕಲ್ಲು ಗಟ್ಟಿಯಾಗಿರುವುದರಿಂದ ಮಾತ್ರವಲ್ಲ, ಆ ಲಿಪಿಯ ಜ್ಞಾನ ಎಲ್ಲರಿಗೂ ತೆರೆದಿರುವುದರಿಂದ. ಡ್ರೈವರಿನ ಮೂಲವನ್ನು ಗುಟ್ಟಾಗಿಟ್ಟ ತಯಾರಕನು ನಾಳೆ ಅದನ್ನು ಕೈಬಿಟ್ಟರೆ, ಭಾಗವು ಗಟ್ಟಿಯಾಗಿದ್ದೂ ಮೂಕವಾಗುತ್ತದೆ. ಮೂಲವು ತೆರೆದಿದ್ದರೆ ಬೇರೊಬ್ಬರು ಅದನ್ನು ಮುಂದುವರಿಸಬಲ್ಲರು.

ಈ ಕೆಲಸಕ್ಕೆ ದೊಡ್ಡ ನಗರದ ತಜ್ಞರೇ ಬರಬೇಕಾಗಿಲ್ಲ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಒಂದು ನೋಟ್‌ಪುಸ್ತಕವನ್ನಿಟ್ಟು, ತಾವು ಪರೀಕ್ಷಿಸಿದ ಪ್ರತಿಯೊಂದು ಯಂತ್ರದ ಮಾದರಿ, ಭಾಗಗಳ ಸಂಖ್ಯೆ, ಕರ್ನೆಲ್ ಆವೃತ್ತಿ, ಫಲಿತಾಂಶ ಇವನ್ನು ಬರೆದಿಡಲಿ. ಕೆಲಸ ಮಾಡದುದನ್ನೂ ತಪ್ಪದೆ ಬರೆಯಲಿ. ಪ್ರಯೋಗಶಾಲೆಯಲ್ಲಿ ನಾವು ಕಲಿಸುವ ಶಿಸ್ತು ಇದೇ. ಅಂತಹ ಪುಸ್ತಕವೊಂದು ನಮ್ಮ ಕೈಯಲ್ಲಿದ್ದಿದ್ದರೆ ಆ ನಾಲ್ಕು ದಿನ ರೈತರು ಜಗಲಿಯ ಮೇಲೆ ಕಾಯಬೇಕಾಗುತ್ತಿರಲಿಲ್ಲ.