ಮೂಕಜೀವಗಳಿಗೊಂದು ಅರವಟ್ಟಿಗೆ

ನನ್ನ ಬಾಲ್ಯದಲ್ಲಿ, ಬೇಸಗೆ ಬಂತೆಂದರೆ ನಮ್ಮೂರ ರಸ್ತೆಯ ಬದಿಯಲ್ಲಿ ಒಂದು ಅರವಟ್ಟಿಗೆ ಏಳುತ್ತಿತ್ತು. ತೆಂಗಿನ ಗರಿಯ ಚಪ್ಪರ, ಒದ್ದೆ ಮರಳಿನ ಮೇಲೆ ಕುಳ್ಳಿರಿಸಿದ ಎರಡು ಮಣ್ಣಿನ ಹರವಿ, ಮಜ್ಜಿಗೆ ನೀಡಲು ಒಬ್ಬ ಮುದುಕಿ. ಇಷ್ಟೇ ಅದರ ವೈಭವ. ದಾರಿಹೋಕರು ಬಾಯಾರಿಕೆಯನ್ನು ನೀಗಿಕೊಂಡು ಮುಂದೆ ಸಾಗುತ್ತಿದ್ದರು. ‘ನನ್ನ ಮಜ್ಜಿಗೆಯನ್ನು ಕುಡಿದವನು ನೀನು, ಇಲ್ಲಿಯೇ ಇರು’ ಎಂದು ಆ ಮುದುಕಿ ಯಾರನ್ನೂ ತಡೆಯಲಿಲ್ಲ. ಬಂದವರು ಸುಖವಾಗಿ ಮುಂದಿನ ಊರನ್ನು ಸೇರಬೇಕು. ಅರವಟ್ಟಿಗೆಯ ಧರ್ಮವೇ ಅದು. ನಾನೀಗ ಹೇಳಹೊರಟಿರುವುದೂ ಒಂದು ಬಗೆಯ ಅರವಟ್ಟಿಗೆಯ ಸಂಗತಿಯೇ. ಆದರೆ ಇಲ್ಲಿಗೆ ಬರುವ ದಾರಿಹೋಕರು ಮನುಷ್ಯರಲ್ಲ, ನಾಯಿಗಳು, ಬೆಕ್ಕುಗಳು.

ವಾಹನಕ್ಕೆ ಸಿಕ್ಕಿ ಕಾಲು ಮುರಿದುಕೊಂಡ ನಾಯಿ, ತಾಯಿಯನ್ನು ಕಳೆದುಕೊಂಡ ಮರಿಗಳು, ಮನೆ ಬದಲಾಯಿಸುವಾಗ ಯಜಮಾನನು ಬೀದಿಯಲ್ಲಿ ಬಿಟ್ಟುಹೋದ ಸಾಕುಬೆಕ್ಕು, ಇವುಗಳನ್ನು ದಯಾವಂತರು ಯಾರೋ ಎತ್ತಿ ತರುತ್ತಾರೆ. ವೈದ್ಯರು ಚಿಕಿತ್ಸೆ ನೀಡುತ್ತಾರೆ. ಗಾಯ ಮಾಯುತ್ತದೆ. ಆದರೆ ಅನಂತರ ಅದು ಹೋಗುವುದೆಲ್ಲಿಗೆ? ಶಾಶ್ವತವಾಗಿ ಸಾಕುವವರು ಆ ದಿನವೇ ಸಿಕ್ಕುವುದು ಅಪರೂಪ. ಹಾಗೆ ಸಿಕ್ಕುವವರೆಗೆ, ಕೆಲವು ವಾರಗಳೋ ತಿಂಗಳುಗಳೋ, ಪ್ರತಿಫಲವನ್ನು ಬಯಸದೆ ಅದನ್ನು ತಮ್ಮ ಮನೆಯಲ್ಲಿರಿಸಿ ಸಲಹುವವರಿದ್ದಾರೆ. ಇಂಥ ಮನೆಗಳನ್ನು ‘ಫಾಸ್ಟರ್ ಹೋಮ್’ ಎನ್ನುತ್ತಾರೆ. ನಾವು ‘ಪೋಷಕ ಮನೆ’ ಎನ್ನೋಣ. 1991ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ‘ಕ್ಯೂಪಾ’ದಂತಹ ಪ್ರಾಣಿದಯಾ ಸಂಸ್ಥೆಗಳ ಕಾರ್ಯಕ್ಕೆ ಇಂಥ ಮನೆಗಳು ದೊಡ್ಡ ಆಸರೆ.

ಪ್ರಾಣಿಗಳಿಗೆಂದೇ ಆಶ್ರಯಧಾಮಗಳಿರುವಾಗ ಮನೆಗಳೇಕೆ ಎಂದು ನೀವು ಕೇಳಬಹುದು. ಆಶ್ರಯಧಾಮಗಳು ಅವಶ್ಯವಾದವು, ಆದರೆ ಅಲ್ಲಿ ಜೀವಗಳು ಹಲವು, ಕೈಗಳು ಕೆಲವು. ಲಸಿಕೆ ಪೂರ್ಣವಾಗದ ಎಳೆಯ ಮರಿಗಳು ಗುಂಪಿನ ನಡುವೆ ಇದ್ದರೆ ಪಾರ್ವೊ ಎಂಬ ವೈರಸ್ ರೋಗ ಹರಡುವ ಭಯವುಂಟು. ಅದರಿಂದ ವಾಂತಿಭೇದಿ ಉಂಟಾಗಿ ಮರಿಗಳು ಕೆಲವೇ ದಿನಗಳಲ್ಲಿ ಸಾಯಬಹುದು. ಕಣ್ಣು ತೆರೆಯದ ಬೆಕ್ಕಿನ ಮರಿಗಂತೂ ಎರಡು ಮೂರು ಗಂಟೆಗಳಿಗೊಮ್ಮೆ, ರಾತ್ರಿಯಲ್ಲಿಯೂ, ಹಾಲುಣಿಸಬೇಕು. ಅದಕ್ಕೆ ಹಸುವಿನ ಹಾಲು ಹಿಡಿಸದು. ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ಬೇಕು. ಮೈ ತಣ್ಣಗಾಗದಂತೆ ಬೆಚ್ಚನೆಯ ಬಟ್ಟೆಯಲ್ಲಿ ಇರಿಸಬೇಕು. ಇದಲ್ಲದೆ, ನಾಯಿಮರಿಯು ಲೋಕದೊಡನೆ ಪರಿಚಯ ಬೆಳೆಸಿಕೊಳ್ಳುವುದು ಮುಖ್ಯವಾಗಿ ಮೂರರಿಂದ ಹದಿನಾಲ್ಕು ವಾರಗಳ ವಯಸ್ಸಿನಲ್ಲಿ. ಆ ಅವಧಿಯಲ್ಲಿ ಮನುಷ್ಯರ ಮಮತೆಯನ್ನು ಕಾಣದ ಮರಿಯು ಮುಂದೆ ಅಂಜುಬುರುಕನಾಗಿಯೋ ಸಿಡುಕನಾಗಿಯೋ ಬೆಳೆಯುವ ಸಂಭವ ಹೆಚ್ಚು. ಈ ಪಾಠವನ್ನು ಕಲಿಸಲು ಮನೆಗಿಂತ ಒಳ್ಳೆಯ ಶಾಲೆ ಬೇರೊಂದಿಲ್ಲ.

ನನ್ನ ಅನುಭವವೊಂದನ್ನು ಇಲ್ಲಿ ಹೇಳಬೇಕು. ನಾನು ನಿವೃತ್ತನಾದ ಮರುವರ್ಷ, ಪಶುವೈದ್ಯನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಾಲಿಗೆ ಪಟ್ಟಿ ಕಟ್ಟಿದ ಕಂದುಬಣ್ಣದ ನಾಯಿಮರಿಯನ್ನು ತಂದು, “ಮೇಷ್ಟ್ರೇ, ಒಂದು ತಿಂಗಳ ಮಟ್ಟಿಗೆ ಇದಕ್ಕೆ ನಿಮ್ಮ ಮನೆಯಲ್ಲಿ ಜಾಗ ಕೊಡುವಿರಾ?” ಎಂದು ಕೇಳಿದನು. ಒಪ್ಪಿದೆವು. ಆ ಮರಿಗೆ ಪೊರಕೆಯನ್ನು ಕಂಡರೆ ಜೀವಭಯ. ನನ್ನ ಪತ್ನಿ ಕಸ ಗುಡಿಸಲು ತೊಡಗಿದೊಡನೆ ಅದು ಮಂಚದ ಕೆಳಗೆ ನುಸುಳಿ ಗಡಗಡನೆ ನಡುಗುತ್ತಿತ್ತು. ಆ ಪೊರಕೆ ಯಾವ ಮನೆಯದೋ, ಬೀಸಿದ ಕೈ ಯಾರದೋ! ನನ್ನ ಪತ್ನಿ ಒಂದು ಉಪಾಯ ಮಾಡಿದಳು. ಅನ್ನದ ತಟ್ಟೆಯ ಪಕ್ಕದಲ್ಲಿಯೇ ಪೊರಕೆಯನ್ನು ಸುಮ್ಮನೆ ಮಲಗಿಸಿಟ್ಟಳು. ಮೊದಲ ದಿನ ಅದು ಅನ್ನವನ್ನೇ ಮುಟ್ಟಲಿಲ್ಲ. ಮೂರನೆಯ ವಾರದ ಹೊತ್ತಿಗೆ ಅದೇ ಪೊರಕೆಯನ್ನು ಬಾಯಲ್ಲಿ ಕಚ್ಚಿಕೊಂಡು ಅಂಗಳದ ತುಂಬ ಎಳೆದಾಡತೊಡಗಿತು.

ಒಂದು ಭಾನುವಾರ ಅದನ್ನು ಸಾಕಲು ಒಪ್ಪಿದ ಕುಟುಂಬದವರು ಬಂದರು. ಮರಿಯು ಆ ಮನೆಯ ಹುಡುಗಿಯ ಹಿಂದೆ ಕುಣಿಯುತ್ತ ಹೊರಟಿತು. “ತಿರುಗಿಯೂ ನೋಡಲಿಲ್ಲವಲ್ಲ!” ಎಂದು ನನ್ನ ಪತ್ನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಹೆದರದೆ ಹೋಯಿತಲ್ಲ, ಅದೇ ನಮಗೆ ಸಂದ ಕೂಲಿ” ಎಂದೆ. ಹಾಗೆ ಹೇಳಿದರೂ ಆ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

‘ಅಷ್ಟು ಪ್ರೀತಿಯಿದ್ದರೆ ನೀವೇ ಇಟ್ಟುಕೊಳ್ಳಬಹುದಿತ್ತಲ್ಲ’ ಎಂದವರುಂಟು. ಇಟ್ಟುಕೊಂಡಿದ್ದರೆ ತಪ್ಪೇನೂ ಇರಲಿಲ್ಲ. ಆದರೆ ನಮ್ಮ ಮನೆ ಚಿಕ್ಕದು, ವಯಸ್ಸು ಹೆಚ್ಚು. ಮುಂದಿನ ತಿಂಗಳು ಕಣ್ಣು ತೆರೆಯದ ಮೂರು ಬೆಕ್ಕಿನ ಮರಿಗಳು ಬಂದಾಗ ನಮ್ಮ ಬಾಗಿಲು ಮುಚ್ಚಿರುತ್ತಿತ್ತು. ಪ್ರೀತಿಸುವುದು ಬೇರೆ, ‘ನನ್ನದು’ ಎಂದು ಹಿಡಿದಿಡುವುದು ಬೇರೆ. ಈ ಎರಡನ್ನೂ ಒಂದೇ ಎಂದು ಭಾವಿಸುವುದರಿಂದ ಎಷ್ಟೋ ದುಃಖಗಳು ಹುಟ್ಟುತ್ತವೆ. ಅಧ್ಯಾಪಕನಾದ ನಾನು ಇದನ್ನು ಮೊದಲೇ ಕಲಿತಿರಬೇಕಾಗಿತ್ತು. ಪ್ರತಿ ವರ್ಷವೂ ನಿಮ್ಮಂಥ ಮಕ್ಕಳು ಬಂದರು, ಕಲಿತರು, ಹೋದರು. ಅವರು ಹೋದುದರಿಂದಲೇ ಶಾಲೆಯು ಶಾಲೆಯಾಗಿ ಉಳಿಯಿತು.

‘ಮನುಷ್ಯರೇ ಹಸಿದಿರುವಾಗ ನಾಯಿಬೆಕ್ಕುಗಳ ಚಿಂತೆಯೇಕೆ?’ ಎಂಬುದು ಇನ್ನೊಂದು ಆಕ್ಷೇಪ. ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಆದರೆ ದಯೆಯೆಂಬುದು ಅಳೆದಿಟ್ಟ ಅಕ್ಕಿಯಲ್ಲ. ಒಬ್ಬರಿಗೆ ನೀಡಿದರೆ ಇನ್ನೊಬ್ಬರಿಗೆ ಕಡಿಮೆಯಾಗುವುದಿಲ್ಲ. ಬಳಸಿದಷ್ಟೂ ಬೆಳೆಯುವುದು ಅದರ ಗುಣ. ಇದರಿಂದ ಮನುಷ್ಯರಿಗೂ ಹಿತವುಂಟು. ಪೋಷಕ ಮನೆಯಲ್ಲಿ ಲಸಿಕೆಯನ್ನೂ, ತಕ್ಕ ವಯಸ್ಸಿನಲ್ಲಿ ಸಂತಾನಹರಣ ಚಿಕಿತ್ಸೆಯನ್ನೂ ಪಡೆದ ನಾಯಿಯಿಂದ ರೇಬೀಸ್ ಭಯ ತಗ್ಗುತ್ತದೆ. ಬೀದಿಪಾಲಾಗುವ ಮರಿಗಳ ಸಂಖ್ಯೆಯೂ ತಗ್ಗುತ್ತದೆ.

ಹಾಗೆಂದು ಇದು ಆಟವಲ್ಲ. ಮನೆಮಂದಿಯೆಲ್ಲರ ಒಪ್ಪಿಗೆಯಿಲ್ಲದೆ ಯಾವ ಪ್ರಾಣಿಯನ್ನೂ ತರಕೂಡದು. ಹೊಸದಾಗಿ ಬಂದುದನ್ನು ಮನೆಯ ಇತರ ಪ್ರಾಣಿಗಳಿಂದ ಸುಮಾರು ಎರಡು ವಾರ ಬೇರೆಯಾಗಿ ಇರಿಸಬೇಕು. ಎಳೆಯರಾದ ನೀವು ಗಾಯಗೊಂಡ ನಾಯಿಯನ್ನು ಕಂಡರೆ ಮುಟ್ಟಲು ಹೋಗದೆ ಹಿರಿಯರಿಗೆ ತಿಳಿಸಬೇಕು. ಕಚ್ಚಿದರೆ ಗಾಯವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ದಯೆಗೆ ವಿವೇಕದ ಜೊತೆ ಬೇಕು.

ಸ್ವರ್ಗದ ಬಾಗಿಲಿನಲ್ಲಿಯೂ ನಾಯಿಯನ್ನು ಕೈಬಿಡದ ಧರ್ಮರಾಯನ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಅದು ಮಹಾಭಾರತದ ಕೊನೆಯ ಭಾಗದ ಮಾತು. ಆದಿಪರ್ವದಲ್ಲಿಯೂ ಒಂದು ನಾಯಿಯುಂಟು. ತಪ್ಪು ಮಾಡದ ತನ್ನ ಮರಿಯನ್ನು ಏಕೆ ಹೊಡೆದಿರೆಂದು ತಾಯಿ ಸರಮೆ ಜನಮೇಜಯನ ಯಜ್ಞಶಾಲೆಗೆ ಬಂದು ಕೇಳುತ್ತಾಳೆ. ಅರಸನ ಕಡೆಯವರಲ್ಲಿ ಉತ್ತರವಿರಲಿಲ್ಲ. ಜೀವಿಗಳಲ್ಲಿ ಅನುಕಂಪವಿರಬೇಕೆಂಬುದು 1976ರ ತಿದ್ದುಪಡಿಯ ಬಳಿಕ ನಮ್ಮ ಸಂವಿಧಾನವು ಹೇಳುವ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿದೆ. ಸಾಕಿದ ಪ್ರಾಣಿಯನ್ನು ಹಸಿವು ನೀರಡಿಕೆಗಳಿಗೆ ಈಡುಮಾಡಿ ತೊರೆಯುವುದು 1960ರ ಕಾಯಿದೆಯ ಪ್ರಕಾರ ಅಪರಾಧವಾಗಿದೆ. ಆದರೆ ಸರಮೆಯ ಪ್ರಶ್ನೆಗೆ ಕಾಯಿದೆಯೊಂದೇ ಉತ್ತರ ಕೊಡಲಾರದು. ಮನೆಯ ಮೂಲೆಯಲ್ಲಿ ಹಾಸಿದ ಒಂದು ಹಳೆಯ ಗೋಣಿತಟ್ಟು, ಪಕ್ಕದಲ್ಲಿ ಒಂದು ಬಟ್ಟಲು ನೀರು, ಹೊರಡುವ ದಿನ ಬಂದಾಗ ಬಾಗಿಲನ್ನು ತೆರೆದು ಕಳುಹಿಸಿಕೊಡುವ ಮನಸ್ಸು, ಉತ್ತರವಿರುವುದು ಇವುಗಳಲ್ಲಿ.